ಹದಿನೇಳನೆಯ ಜಾಗ

ಅಣಬೆ ಶೆಡ್ಡಿನಲ್ಲಿ ನನ್ನ ಕೆಲಸ ಚೀಲ ತುಂಬುವುದು. ಪೈನ್ ಮರದ ಹೊಟ್ಟಿಗೆ ಗೋಧಿ ತೌಡು ಬೆರೆಸಿ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಜಿನುಗಬೇಕು, ಅದು ಹದ. ಆಮೇಲೆ ಚೀಲಕ್ಕೆ ತುಂಬಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಒಂದೊಂದು ಹಿಡಿ ಅಣಬೆ ಬೀಜ ಹಾಕಿ ಬಾಯಿ ಕಟ್ಟುವುದು. ಮೂರ್ನಾಲ್ಕು ವಾರಕ್ಕೆ ಚೀಲದೊಳಗೆಲ್ಲ ಬಿಳಿ ನೂಲು ಹಬ್ಬಿರುತ್ತದೆ. ಅರವತ್ತೇಳರ ವಯಸ್ಸಿನಲ್ಲಿ ದಿನಕ್ಕೆ ನಲವತ್ತು ಚೀಲ ತುಂಬಿದರೆ ಸಂಜೆ ಹೊತ್ತಿಗೆ ಭುಜಗಳು ನನ್ನವಲ್ಲ ಅನ್ನಿಸುತ್ತದೆ.

ನನ್ನ ಮೈದುನ ಟೀಪೆನೆ ದಿನಾ ಬೆಳಿಗ್ಗೆ ಬಂದು ಶೆಡ್ಡಿನ ಬಾಗಿಲ ಬಳಿ ಬೆಂಚಿನ ಮೇಲೆ ಕೂರುತ್ತಿದ್ದ. ಎಪ್ಪತ್ತು ದಾಟಿದೆ, ಎದೆಯಲ್ಲಿ ಉಸಿರಿಲ್ಲ, ಬಾಯಿಗೇನೂ ಕಡಿಮೆಯಿರಲಿಲ್ಲ.

"ಅತ್ತಿಗೆ, ನಾಯಿಕೊಡೆಗೆ ಬಾಣಂತನ ಜೋರಾಗಿ ನಡೀತಿದೆ."

"ಬಾಯಿ ಮುಚ್ಕೊಂಡು ಆ ಚೀಲ ಈ ಕಡೆ ತಳ್ಳು."

"ತಳ್ಳಿದ್ರೆ ನನ್ನುಸಿರು ನಿಲ್ಲುತ್ತೆ. ಆಮೇಲೆ ನಮ್ಮ ಪದ್ಧತಿ ಪ್ರಕಾರ ಮೂರು ದಿನ ನನ್ನ ಹೆಣದ ಪಕ್ಕ ಕೂತು ಅಳ್ಬೇಕಾಗುತ್ತೆ ನೀನು."

"ಅಳೋರ್ಯಾರು? ಚಾಪೆ ಹಾಸ್ಕೊಂಡು ನಿದ್ದೆ ಹೊಡೀತೀನಿ. ನಿದ್ದೆಯಾಗಿ ಎಷ್ಟು ದಿನ ಆಯ್ತೋ."

ಅವನು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವವರೆಗೆ ನಾನು ಚೀಲ ತುಂಬುತ್ತಿದ್ದೆ.

ನಮ್ಮೂರಿನ ಮರದ ಮಿಲ್ಲು ಮುಚ್ಚಿ ಈಗ ಮೂವತ್ತು ವರ್ಷವಾಗುತ್ತ ಬಂತು. ಹಸಿ ಪೈನ್ ಹಲಗೆ ಹಾಗೇ ಬಿಟ್ಟರೆ ಬೂಷ್ಟು ಹಿಡಿದು ನೀಲಿಯಾಗುತ್ತದೆ ಅಂತ ಒಂದು ದೊಡ್ಡ ತೊಟ್ಟಿಯಲ್ಲಿ ಔಷಧಿ ತುಂಬಿ ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಇಲ್ಲಿನ ಮೂಲನಿವಾಸಿಗಳಾದ ನಮ್ಮ ಕುಲದ ಗಂಡಸರೇ ಹೆಚ್ಚಾಗಿ ಆ ಕೆಲಸಕ್ಕಿದ್ದರು. ಕೈಗವಸಿಲ್ಲ, ಮೂಗಿಗೆ ಬಟ್ಟೆಯಿಲ್ಲ. ನನ್ನ ಗಂಡ ಹೋಹೆಪಾ ಮನೆಗೆ ಬಂದರೆ ಅಂಗಿ ಮೊಣಕೈವರೆಗೆ ಹಳದಿ ಇರುತ್ತಿತ್ತು. ಆ ಅಂಗಿಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯುತ್ತಿದ್ದವಳು ನಾನು. ಮೊದಲು ಮುಖದ ತುಂಬ ಗುಳ್ಳೆ, ಆಮೇಲೆ ಮೂಗಿನಲ್ಲಿ ರಕ್ತ. ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್. ತೊಟ್ಟಿಯ ಬಳಿ ಕೆಲಸ ಮಾಡಿದ ಹನ್ನೊಂದು ಜನರಲ್ಲಿ ಟೀಪೆನೆ ಒಬ್ಬನೇ ಉಳಿದಿದ್ದ. ಸರ್ಕಾರದ ಡಾಕ್ಟರುಗಳು ಎರಡು ಸಲ ಬಂದರು, ನಮ್ಮ ರಕ್ತ ತೆಗೆದುಕೊಂಡು ಹೋದರು. ಆ ಔಷಧಿಯಿಂದಲೇ ಸತ್ತರು ಅಂತ ಸಾಬೀತು ಮಾಡುವುದು ಕಷ್ಟ ಅಂತ ಬರೆದು ಕಳಿಸಿದರು. ಕಾಗದ ಬಹಳ ಮರ್ಯಾದೆಯಿಂದ ಬರೆದಿದ್ದರು, ಅದು ನೆನಪಿದೆ.

ಆಮೇಲೆ ರೊವೆನಾ ಬಂದಳು. ನಮ್ಮ ದೇಶದ ದಕ್ಷಿಣದ ದ್ವೀಪದವಳು, ಬಿಳಿಯಳು, ಐವತ್ತರ ಹೆಂಗಸು, ಅಣಬೆಗಳ ಮೇಲೆ ಸಂಶೋಧನೆ ಮಾಡುವವಳು. ಕೊಳೆತ ಮರವನ್ನು ತಿಂದು ಬದುಕುವ ಅಣಬೆಗಳು ಮಣ್ಣಿಗೆ ಸೇರಿದ ಈ ವಿಷವನ್ನೂ ಮುರಿಯುತ್ತವೆ ಎಂದು ಅವಳು ನಮ್ಮ ಸಭೆಮನೆಯಲ್ಲಿ ನಿಂತು ಹೇಳಿದಳು. ಮರ ಗಟ್ಟಿಯಾಗಿರುವುದು ಯಾವುದರಿಂದಲೋ ಅದನ್ನು ಕರಗಿಸಲು ಅಣಬೆ ಒಂದು ರಸ ಬಿಡುತ್ತದಂತೆ. ಆ ರಸಕ್ಕೆ ಇದು ಮರ, ಇದು ವಿಷ ಅನ್ನುವ ಭೇದ ಅಷ್ಟಾಗಿ ಗೊತ್ತಿಲ್ಲವಂತೆ. ಹೊರಗಿನ ಅಣಬೆ ಬೇಡ, ನಮ್ಮ ಕಾಡಿನದೇ ಆಗಬೇಕು ಅಂದರು ನಮ್ಮ ಹಿರಿಯರು. ಎಂಬತ್ತು ವರ್ಷದ ಮಕರೇಟಾ ಅಜ್ಜಿ ರೊವೆನಾಳನ್ನು ಕರೆದುಕೊಂಡು ಗುಡ್ಡ ಹತ್ತಿ, ಪ್ರಾರ್ಥನೆ ಹೇಳಿ, ಬಿದ್ದ ಮರಗಳಿಂದ ಹದಿಮೂರು ಬಗೆಯ ಅಣಬೆ ತಂದಳು. ಎರಡು ಮಾತ್ರ ವಿಷದ ಮಣ್ಣಿನಲ್ಲಿ ಬದುಕಿದವು.

ಟೀಪೆನೆ ಅವತ್ತು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಬೂಷ್ಟು ಸಾಯ್ಲಿ ಅಂತ ಹಾಕಿದ ವಿಷ ಅದು. ಈಗ ಅದರ ಅಣ್ಣ ತಮ್ಮಂದಿರನ್ನ ಕರ್ದು ಊಟ ಮಾಡ್ರಪ್ಪ ಅಂತಿದ್ದೀವಿ. ಮುಖ ನೋಡಿ ಉಗೀತಾವೆ."

ಆದರೂ ಅವನಿಲ್ಲದೆ ಕೆಲಸ ಮುಂದೆ ಹೋಗುವಂತಿರಲಿಲ್ಲ. ತೊಟ್ಟಿಯ ಕೆಲಸ ಬಿಟ್ಟ ಮೇಲೆ ಹತ್ತು ವರ್ಷ ಅವನು ಮಿಲ್ಲಿನ ಲಾರಿ ಓಡಿಸಿದ್ದ. ತೊಗಟೆ, ಹೊಟ್ಟು, ತೊಟ್ಟಿಯ ತಳದಲ್ಲಿ ಗಟ್ಟಿಯಾದ ಗಸಿ, ಎಲ್ಲ ಒಟ್ಟಿಗೆ ತುಂಬಿ ಎಲ್ಲೆಲ್ಲಿ ತಗ್ಗಿದೆಯೋ ಅಲ್ಲಿ ಸುರಿ ಅಂತ ಮಿಲ್ಲಿನವರ ಮಾತು. ನಮ್ಮೂರು ಜೌಗು ನೆಲ. ತಗ್ಗಿಗೇನು ಬರ? ಜನರೇ ಬಂದು ನಮ್ಮ ಕಡೆ ಒಂದು ಲೋಡು ಹಾಕಪ್ಪ ಅಂತ ಕೇಳುತ್ತಿದ್ದರು. ಎಲ್ಲೆಲ್ಲಿ ಸುರಿದಿದೆ ಅಂತ ಮಿಲ್ಲಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದೆಲ್ಲ ಇದ್ದದ್ದು ಟೀಪೆನೆಯ ತಲೆಯಲ್ಲಿ.

ರೊವೆನಾ ಊರಿನ ನಕ್ಷೆ ಹಾಸಿ ಅವನ ಕೈಗೆ ಕೆಂಪು ಪೆನ್ಸಿಲು ಕೊಟ್ಟಳು. ಅವನು ಒಂದು ಬೆಳಿಗ್ಗೆಯೆಲ್ಲ ಕೂತು ಹದಿನಾರು ಗುರುತು ಹಾಕಿದ. ಕಾಲುವೆಯ ದಂಡೆ, ಆಟದ ಬಯಲಿನ ಹಿಂಭಾಗ, ಹಳೇ ರೈಲು ದಾರಿಯ ಪಕ್ಕ. ಪ್ರತಿಯೊಂದು ಕಡೆಯೂ ತೋಡಿ ನೋಡಿದರು. ಹದಿನಾರಕ್ಕೆ ಹದಿನಾರೂ ಸರಿಯಿತ್ತು. ಪತ್ರಿಕೆಯವರು ಬಂದು ಅವನ ಫೋಟೋ ತೆಗೆದರು. ಆ ಫೋಟೋದಲ್ಲಿ ಅವನು ಯಾಕೆ ಅಷ್ಟು ಬಗ್ಗಿಕೊಂಡು ನಿಂತಿದ್ದಾನೆ ಅಂತ ನಾನು ಆಗ ಯೋಚಿಸಲಿಲ್ಲ.

ಮೊದಲ ವರ್ಷ ಕಾಲುವೆಯಿಂದ ಎತ್ತಿದ ಕೆಸರಿಗೆ ಅಣಬೆ ಹೊಟ್ಟು ಬೆರೆಸಿ ಉದ್ದುದ್ದ ದಿಬ್ಬ ಮಾಡಿದೆವು. ಬೇಸಿಗೆಯಲ್ಲಿ ನೀರು ಸಾಲದೆ ಎರಡು ದಿಬ್ಬ ಒಣಗಿ ಹೋದವು. ಒಂದರಲ್ಲಿ ಹಸಿರು ಬೂಷ್ಟು ಬಂದು ನಮ್ಮ ಅಣಬೆಯನ್ನೇ ತಿಂದುಹಾಕಿತು. ನನ್ನ ಕೈಯಾರೆ ತುಂಬಿದ ಒಂಬೈನೂರು ಚೀಲ ಮಣ್ಣುಪಾಲಾಯಿತು. ರೊವೆನಾ ದಿಬ್ಬದ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಣಗಿದ ಹೊಟ್ಟನ್ನು ಬೆರಳಲ್ಲಿ ಪುಡಿ ಮಾಡಿದಳು. ಆಮೇಲೆ ಎದ್ದು, "ಪಿರಿಹಿರಾ, ಮತ್ತೆ ಶುರು ಮಾಡೋಣ್ವಾ?" ಅಂದಳು. ಮಾಡೋಣ ಅಂದೆ. ಬೇರೇನು ಹೇಳಲಿ? ವರ್ಷದ ಕೊನೆಗೆ ಉಳಿದ ದಿಬ್ಬಗಳಲ್ಲಿ ವಿಷ ಕಾಲುಭಾಗ ಇಳಿದಿತ್ತು. ಕಾಲುಭಾಗ. ಅದಕ್ಕೇ ಸಭೆಮನೆಯಲ್ಲಿ ಕೇಕ್ ಕತ್ತರಿಸಿದೆವು.

ಆ ಕೇಕ್ ನಾನು ಮಾಡಿದ್ದು. ನಮ್ಮಲ್ಲಿ ಯಾರ ಮದುವೆಯಾಗಲಿ, ಯಾರ ಸಾವಾಗಲಿ, ಕೇಕ್ ನನ್ನ ಪಾಲಿಗೆ. ಮನೆ ಹಿತ್ತಲಲ್ಲಿ ಕೋಳಿ ಸಾಕಿದ್ದೆ. ಮೂವತ್ತು ವರ್ಷದಿಂದ ಆ ಹಿತ್ತಲಲ್ಲಿ ಕೋಳಿ ತಪ್ಪಿಲ್ಲ. ಅವುಗಳ ಮೊಟ್ಟೆಯೊಳಗಿನ ಹಳದಿ ಎಷ್ಟು ಕೆಂಪಗಿರುತ್ತಿತ್ತೆಂದರೆ ಕೇಕ್ ಬಣ್ಣ ಹಾಕಿದಂತೆ ಕಾಣುತ್ತಿತ್ತು. ಬಾಣಂತಿಯರಿಗೆ, ಕಾಯಿಲೆಯವರಿಗೆ, ನನ್ನ ಮಗಳು ರಿಪೆಕಾಳ ಇಬ್ಬರು ಮಕ್ಕಳಿಗೆ, ಎಲ್ಲರಿಗೂ ನನ್ನ ಕೋಳಿಗಳ ಮೊಟ್ಟೆ.

ಕೇಕಿನ ಮಾರನೇ ದಿನ ಟೀಪೆನೆ ಶೆಡ್ಡಿಗೆ ಬರಲಿಲ್ಲ, ಮನೆಗೆ ಬಂದ. ನಾನು ಒಲೆ ಮುಂದೆ ನಿಂತಿದ್ದೆ.

"ಕೂತ್ಕೋ. ಎರಡು ಮೊಟ್ಟೆ ಹೊಡೀಲಾ?"

"ಬೇಡ."

"ನಿಂಗೆ ಮೊಟ್ಟೆ ಆಗಲ್ಲ ಅಲ್ವಾ, ಮರ್ತೇಬಿಟ್ಟೆ. ಬ್ರೆಡ್ ಕರೀತೀನಿ ಇರು."

ಅವನು ಕೂರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಕಿಟಕಿಯಾಚೆ ಕೋಳಿಗಳನ್ನು ನೋಡುತ್ತಿದ್ದ.

"ನಂಗೆ ಮೊಟ್ಟೆ ಆಗುತ್ತೆ ಅತ್ತಿಗೆ," ಅಂದ. "ನಿನ್ ಮನೆ ಮೊಟ್ಟೆ ತಿನ್ನಲ್ಲ ಅಷ್ಟೆ."

ನಾನು ಏನೋ ತಮಾಷೆ ಅಂದುಕೊಂಡೆ. ತಿರುಗಿ ನೋಡಿದರೆ ಅವನು ಇನ್ನೂ ಕೋಳಿಗಳನ್ನೇ ನೋಡುತ್ತಿದ್ದ.

"ಹಿತ್ತಲು ನೀರು ನಿಂತು ಕೊಚ್ಚೆಯಾಗ್ತಿತ್ತು, ನೆನಪಿದ್ಯಾ? ರಿಪೆಕಾ ಹುಟ್ಟೋಕೆ ಮುಂಚೆ. ಅಣ್ಣ ಕೇಳ್ದ. ನಾನು ಮೂರು ಲೋಡು ತಂದು ಹಾಕ್ದೆ. ನೀನೇ ಟೀ ಕೊಟ್ಟೆ ಅವತ್ತು."

"ಅದು ಹೊಟ್ಟು ಅಲ್ವಾ?"

"ಮೇಲೆ ಹೊಟ್ಟು. ಕೆಳಗೆ ತೊಟ್ಟಿ ಗಸಿ."

ಬಾಣಲೆ ಎಣ್ಣೆ ಹೊಗೆಯಾಡತೊಡಗಿತ್ತು. ನಾನು ಒಲೆ ಆರಿಸಿದೆ.

"ನಿಂಗೆ ಯಾವಾಗ್ ಗೊತ್ತಾಯ್ತು? ಅದು ವಿಷ ಅಂತ."

"ಮಿಲ್ಲು ಮುಚ್ಚಿದ್ಮೇಲೆ. ಮಿಲ್ಲಿನ ಔಷಧಿ ಬಗ್ಗೆ ಸರ್ಕಾರದ ವಿಚಾರಣೆಗೆ ಹೋಗಿದ್ನಲ್ಲ, ಅಲ್ಲಿ ಒಬ್ಬ ಹೇಳ್ದ, ಕೋಳಿ ಮಣ್ಣು ಕೆದಕುತ್ತೆ, ಮೊಟ್ಟೆಗೆ ಸೇರುತ್ತೆ ಅಂತ."

"ಇಪ್ಪತ್ತೆರಡು ವರ್ಷ ಆಯ್ತು."

"ಹೂಂ."

"ಇಪ್ಪತ್ತೆರಡು ವರ್ಷ ನನ್ ಮನೇಲಿ ಕೂತು ಮೊಟ್ಟೆ ಬೇಡ, ಆಗಲ್ಲ ಅಂದೆ. ನಿಮ್ಮಣ್ಣ ನಿನ್ನೆದುರಿಗೇ ತಿಂತಿದ್ದ."

 ಅವನು ತಡೆತಡೆದು ಹೇಳಿದ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದನಂತೆ. ಅಷ್ಟರಲ್ಲಿ ಹೋಹೆಪಾ ಹಾಸಿಗೆ ಹಿಡಿದ. ಅಣ್ಣ ಸತ್ತ ಮೇಲೆ ಯಾವ ಮುಖ ಇಟ್ಟುಕೊಂಡು ಹೇಳಲಿ ಅನ್ನಿಸಿತಂತೆ. ನಕ್ಷೆಯ ಮುಂದೆ ಕೂತಾಗ ಪೆನ್ಸಿಲು ನಮ್ಮ ಮನೆಯ ಮೇಲೆ ಇಟ್ಟು ಇಟ್ಟು ತೆಗೆದನಂತೆ.

"ಹೊರಗೆ ಹೋಗು," ಅಂದೆ. ಕಿರುಚಲಿಲ್ಲ. ಕಿರುಚಲು ಬೇಕಾದ ಶಕ್ತಿ ಎಲ್ಲಿಂದಲೋ ತರಬೇಕಾಗಿತ್ತು, ತರಲಾಗಲಿಲ್ಲ.

ಅವನು ಹೋದ ಮೇಲೆ ನಾನು ಹಿತ್ತಲಿಗೆ ಇಳಿದೆ. ಮೊಣಕೈಯುದ್ದ ತೋಡಿದೆ. ಕಪ್ಪು ಮಣ್ಣು, ಅದರ ಕೆಳಗೆ ಇನ್ನೂ ಕೊಳೆಯದ ಹೊಟ್ಟು, ಅದರ ಕೆಳಗೆ ಬೂದಿ ಬಣ್ಣದ, ಗ್ರೀಸಿನಂಥ ಒಂದು ಪದರ. ಎಷ್ಟು ವರ್ಷ ಅಲ್ಲೇ ಬಟ್ಟೆ ಒಣಗಿಸಿದ್ದೆ. ವಾಸನೆ ತಕ್ಷಣ ಗೊತ್ತಾಯಿತು. ಹೋಹೆಪಾನ ಅಂಗಿಯ ವಾಸನೆ. ಅವನು ಹೋಗಿ ಹದಿನಾಲ್ಕು ವರ್ಷದ ಮೇಲೆ ಗಂಡನ ವಾಸನೆ ಸಿಕ್ಕಿದ್ದು ಹೀಗೆ. ಅಲ್ಲೇ ಕೂತುಬಿಟ್ಟೆ. ಹೇಂಟೆಯೊಂದು ಬಂದು ತೋಡಿದ ಮಣ್ಣನ್ನು ಕೆದಕತೊಡಗಿತು, ಓಡಿಸಿದೆ.

ರೊವೆನಾ ಮಣ್ಣು, ಮೊಟ್ಟೆ ಎರಡನ್ನೂ ಲ್ಯಾಬಿಗೆ ಕಳಿಸಿದಳು. ಐದು ವಾರಕ್ಕೆ ಉತ್ತರ ಬಂತು. ಹಿತ್ತಲಿನ ಮಣ್ಣಲ್ಲಿ ವಿಷ, ಮನೆಯ ಸುತ್ತ ಇರಬಹುದಾದ ಮಿತಿಯ ಒಂಬತ್ತು ಪಟ್ಟು. ಮೊಟ್ಟೆಯ ಲೆಕ್ಕ ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಇನ್ಮೇಲೆ ಯಾರಿಗೂ ಕೊಡ್ಬೇಡಿ," ಅಂದಳು. ಹಿತ್ತಲಲ್ಲಿ ಬೆಳೆದ ಗೆಡ್ಡೆಗಳನ್ನ ಚೆನ್ನಾಗಿ ತೊಳೆದು ಸಿಪ್ಪೆ ತೆಗೆದಿದ್ದರೆ ಅವುಗಳಲ್ಲಿ ವಿಷ ಅಷ್ಟೇನೂ ಇಲ್ಲ, ಮೊಟ್ಟೆಯೇ ಕೆಟ್ಟದ್ದು ಅಂತ ಸಮಾಧಾನ ಹೇಳಿದಳು. ಸಮಾಧಾನವಾಗಲಿಲ್ಲ. ಗೆಡ್ಡೆ ಎಲ್ಲರ ಹಿತ್ತಲಲ್ಲೂ ಬೆಳೆಯುತ್ತಿತ್ತು. ಮೊಟ್ಟೆ ಎಲ್ಲರಿಗೂ ನನ್ನದೇ.

ಒಂಬತ್ತು ಹೇಂಟೆಗಳಿದ್ದವು. ಬೇರೆಯವರ ಕೈಗೆ ಕೊಡಲಿಲ್ಲ, ನಾನೇ ಕತ್ತು ಮುರಿದೆ. ಹೂಳುವಂತಿಲ್ಲ, ಸುಡುವಂತಿಲ್ಲ. ದಪ್ಪ ಚೀಲಕ್ಕೆ ಹಾಕಿ ಕಟ್ಟಿ ರೊವೆನಾಳ ವ್ಯಾನಿಗೆ ಏರಿಸಿದೆ.

ಮಗಳಿಗೆ ಹೇಳಿದಾಗ ಅವಳು ಅಳಲಿಲ್ಲ. "ಅಮ್ಮಾ, ಮಕ್ಕಳಿಗೆ ದಿನಾ ಒಂದೊಂದು ಮೊಟ್ಟೆ ಕಳಿಸ್ತಿದ್ದೆ ನೀನು," ಅಂದಳು.

"ಹೂಂ."

"ದಿನಾ."

"ಗೊತ್ತು ಕಣೇ."

"ಅವನನ್ನ ನನ್ ಕಣ್ಮುಂದೆ ತರ್ಬೇಡ," ಅಂದಳು. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದರು. ಜಾಸ್ತಿ ಇದೆ, ಗಾಬರಿಯಾಗುವಷ್ಟಿಲ್ಲ, ವರ್ಷ ವರ್ಷ ನೋಡ್ತಾ ಇರಬೇಕು ಅಂದರು. ನೋಡ್ತಾ ಇರುವುದೇ ನಮ್ಮ ಮನೆತನದ ಕಸುಬಾಗಿದೆ.

ಉಳಿದವರಿಗೂ ಹೇಳಬೇಕಿತ್ತು. ಭಾನುವಾರದ ಸಭೆಯಲ್ಲಿ ನಾನು ಎದ್ದು ನಿಂತೆ. ಟೀಪೆನೆ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ. ಅವನೇ ಎದ್ದು ಹೇಳುತ್ತಾನೇನೋ ಅಂತ ಕಾದೆ. ಅವನು ಟೋಪಿಯ ಅಂಚು ನೋಡುತ್ತ ಕೂತೇ ಇದ್ದ. ಸರಿ, ನಾನೇ ಹೇಳಿದೆ. ಯಾರು ಸುರಿದದ್ದು, ಯಾರು ಸುರಿ ಅಂದದ್ದು, ಯಾರಿಗೆ ಯಾವಾಗ ಗೊತ್ತಾಯಿತು, ಯಾವ ಯಾವ ಸಾವಿಗೆ, ಯಾವ ಮದುವೆಗೆ ನನ್ನ ಮೊಟ್ಟೆ ಬಂತು, ನೆನಪಿದ್ದಷ್ಟನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಇನ್ನೂ ನೆನಪಾಗುತ್ತ ಹೋಯಿತು.

 ಮುಂದಿನ ಚಾಪೆಯ ಮೇಲಿದ್ದ ಮಕರೇಟಾ ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ಪಿರಿಹಿರಾ, ನನ್ನ ಎಪ್ಪತ್ತನೇ ಹುಟ್ಟುಹಬ್ಬದ ಕೇಕಿಗೆ ಎಷ್ಟು ಮೊಟ್ಟೆ ಹಾಕಿದ್ದೆ?"

"ಇಪ್ಪತ್ನಾಲ್ಕು, ಅಜ್ಜಿ."

"ಅರ್ಧ ನಾನೊಬ್ಳೇ ತಿಂದಿದ್ದೆ. ಇನ್ನೂ ಸತ್ತಿಲ್ವಲ್ಲೇ ನಾನು! ವಿಷಾನೂ ನನ್ ಕಂಡ್ರೆ ಹೆದ್ರುತ್ತೆ."

ಜನ ನಕ್ಕರು. ನಗಬೇಕಾಗಿತ್ತು, ಅದಕ್ಕೆ ನಕ್ಕರು. ಆದರೆ ಹಾಮಿಯೋರಾ ನಗಲಿಲ್ಲ. ಅವನ ಹೆಂಡತಿ ನಲವತ್ತೊಂದಕ್ಕೇ ತೀರಿಕೊಂಡವಳು. ಬಸುರಿಯಿದ್ದಾಗ ವಾರಕ್ಕೆ ಒಂದು ಡಜನ್ ನಾನೇ ಅವಳಿಗೆ ತಲುಪಿಸುತ್ತಿದ್ದೆ. ಅವನು ಎದ್ದು ಟೀಪೆನೆಯ ಮುಂದೆ ಹೋಗಿ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಬೂಟು ಹಾಕಿಕೊಂಡು ಹೊರಟುಹೋದ. ಇವತ್ತಿನವರೆಗೂ ಅವನು ಟೀಪೆನೆಯ ಜೊತೆ ಒಂದು ಮಾತೂ ಆಡಿಲ್ಲ. ನನ್ನ ಜೊತೆ ಮಾತಾಡುತ್ತಾನೆ, ಹವಾಮಾನದ ವಿಷಯ ಮಾತ್ರ.

ಹಿತ್ತಲಿನ ಮಣ್ಣನ್ನು ತೆಗೆದು ಬೇರೆಲ್ಲಾದರೂ ಸಾಗಿಸೋಣ ಅಂದರು ಊರಿನ ಕೌನ್ಸಿಲ್‌ನವರು.

"ಬೇರೆ ಎಲ್ಲಿಗೆ?" ಅಂದೆ.

ಮುನ್ನೂರು ಕಿಲೋಮೀಟರ್ ದೂರದ ಒಂದು ಗುಂಡಿಯ ಹೆಸರು ಹೇಳಿದರು.

"ಆ ಗುಂಡಿ ಪಕ್ಕ ಯಾರ ಮನೆಯಿದೆ?"

ಅವರಿಗೆ ಗೊತ್ತಿರಲಿಲ್ಲ. ನಾನು ಬೇಡ ಅಂದೆ. ದಪ್ಪ ಟಾರ್ಪಾಲು ಹಾಸಿ ಅದರ ಮೇಲೆ ಮಣ್ಣು, ಗಸಿ, ಎಲ್ಲ ಎತ್ತಿ ಹಾಕಿ, ನಾನೇ ತುಂಬಿದ ಚೀಲಗಳನ್ನು ಸೀಳಿ ಬೆರೆಸಿ, ಮನೆಯ ಉದ್ದಕ್ಕೆ ಎರಡು ದಿಬ್ಬ ಮಾಡಿದೆವು. ಬಟ್ಟೆ ಒಣಗಿಸುವ ತಂತಿ ಬಿಚ್ಚಿದೆವು. ನಕ್ಷೆಯಲ್ಲಿ ರೊವೆನಾ ಹದಿನೇಳನೆಯ ಗುರುತು ಹಾಕಿದಳು.

ಮೂರನೇ ದಿನ ಬೆಳಿಗ್ಗೆ ನೀರಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಟೀಪೆನೆ ಪೈಪು ಹಿಡಿದು ದಿಬ್ಬಕ್ಕೆ ನೀರು ಚಿಮುಕಿಸುತ್ತಿದ್ದ. ನಾನು ಹೊರಗೆ ಹೋಗಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ಮಾರನೇ ದಿನವೂ ಬಂದ. ಏಳು ತಿಂಗಳು ಹೀಗೇ ನಡೆಯಿತು. ಅವನು ಬರುತ್ತಿದ್ದ, ನೀರು ಹಾಕುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಸಲಿಕೆಯಿಂದ ಮಣ್ಣು ಮಗುಚುತ್ತಿದ್ದ. ಎರಡು ಸಲಿಕೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ರಿಪೆಕಾಳ ಕಾರಿನ ಸದ್ದು ಕೇಳಿದರೆ ಹಿಂದಿನ ಬೇಲಿ ದಾಟಿ ಹೋಗುತ್ತಿದ್ದ.

ಮಾತು ಶುರುವಾದದ್ದಕ್ಕೆ ಕಾರಣ ಅಂತ ಏನಿಲ್ಲ. ಒಂದು ದಿನ ಜೋರು ಗಾಳಿ, ದಿಬ್ಬಕ್ಕೆ ಹೊದಿಸಿದ್ದ ಟಾರ್ಪಾಲು ಹಾರಿಹೋಗುತ್ತಿತ್ತು. ಅವನೊಬ್ಬನೇ ಅದರ ಮೇಲೆ ಬಿದ್ದುಕೊಂಡು ಒದ್ದಾಡುತ್ತಿದ್ದ. ನಾನು ಚಪ್ಪಲಿಯಲ್ಲೇ ಓಡಿದೆ.

"ಕಲ್ಲು ಇಡ್ಬಾರ್ದೇನೋ, ಪೆದ್ದ!"

"ಎಲ್ಲಿದೆ ಕಲ್ಲು? ಜೌಗು ನೆಲದಲ್ಲಿ ಕಲ್ಲು ನಿಮ್ಮಪ್ಪ ತಂದಿಡ್ತಾನಾ?"

"ನಮ್ಮಪ್ಪನ ಸುದ್ದಿಗೆ ಬಂದ್ರೆ ಈ ಟಾರ್ಪಾಲಲ್ಲೇ ಸುತ್ತಿಬಿಡ್ತೀನಿ."

ಇಬ್ಬರೂ ಎರಡು ಮೂಲೆ ಹಿಡಿದು ಕೂತೆವು, ಗಾಳಿ ನಿಲ್ಲುವವರೆಗೆ. ಕ್ಷಮಿಸಿದೆ ಅಂತ ನಾನು ಹೇಳಿಲ್ಲ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನು ಯೋಚಿಸಲು ಕೂರಬೇಕು, ಕೂತರೆ ನಿದ್ದೆ ಬರುತ್ತದೆ.

ನಮ್ಮ ಹಿತ್ತಲಲ್ಲಿ ಮೊದಲ ವರ್ಷ ಒಂಬತ್ತು ಪಟ್ಟು ಇದ್ದ ವಿಷ ಆರಕ್ಕೆ ಇಳಿಯಿತು. ಎರಡನೇ ವರ್ಷ ಐದೂವರೆಗೆ ಬಂದು ನಿಂತಿತು. ಅಣಬೆಗೂ ಸುಸ್ತಾಗುತ್ತದೆ, ಹಳೆಯ ಹೊಟ್ಟೆಲ್ಲ ತಿಂದಾದ ಮೇಲೆ ಹೊಸದು ಬೇಕು ಅಂದಳು ರೊವೆನಾ. ಮತ್ತೆ ಮುನ್ನೂರು ಚೀಲ. ಆ ಚಳಿಗಾಲ ಅವಳ ಕೆಲಸದ ಅವಧಿ ಮುಗಿದು ಊರು ಬಿಟ್ಟಳು. ಹೋಗುವಾಗ ಬೀಜ ಮಾಡುವುದನ್ನು, ಮಣ್ಣಿನ ಮಾದರಿ ತೆಗೆಯುವುದನ್ನು ನನಗೂ ಇನ್ನಿಬ್ಬರು ಹೆಂಗಸರಿಗೂ ಕಲಿಸಿ ಹೋದಳು. ಈಗಲೂ ಫೋನು ಮಾಡುತ್ತಾಳೆ. ಕಾಲುವೆಯ ಕೆಸರಿನ ನಾಲ್ಕು ದಿಬ್ಬಗಳು ಮಿತಿಯೊಳಗೆ ಬಂದಿವೆ. ಉಳಿದವು ಇನ್ನೂ ಇಲ್ಲ.

ಇದು ನಾಲ್ಕನೇ ವರ್ಷ. ಟೀಪೆನೆ ಈಗ ಆಮ್ಲಜನಕದ ಸಿಲಿಂಡರನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಬರುತ್ತಾನೆ. ಪೈಪು ಹಿಡಿಯುತ್ತಾನೆ, ಸಲಿಕೆ ನನ್ನದು. ರಿಪೆಕಾ ಅವನನ್ನು ಕಂಡರೆ ಈಗ ಮುಖ ತಿರುಗಿಸುವುದಿಲ್ಲ, ಮಾತೂ ಆಡುವುದಿಲ್ಲ. ಹೋದ ತಿಂಗಳು ಒಂದು ಡಬ್ಬಿಯಲ್ಲಿ ಹಂದಿ ಮೂಳೆಯ ಸಾರು ತಂದು ಮೇಜಿನ ಮೇಲಿಟ್ಟು, "ಇದು ಇಬ್ಬರಿಗಾಗುತ್ತೆ," ಅಂತ ನನ್ನ ಮುಖ ನೋಡಿಕೊಂಡು ಹೇಳಿ ಹೋದಳು.

ನಿನ್ನೆ ಲ್ಯಾಬಿನ ಕಾಗದ ಬಂತು. ಅವನು ದಿಬ್ಬದ ಪಕ್ಕ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ.

"ಎಷ್ಟಂತೆ?"

"ಮೂರೂಕಾಲು."

"ಹೋದ್ಸಲ?"

"ನಾಲ್ಕು."

ಅವನು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. "ಇನ್ನೂ ಮೂರು ವರ್ಷ ಬೇಕು. ನಾನಿರಲ್ಲ ಬಿಡು ಅತ್ತಿಗೆ."

"ನಾನಿರ್ತೀನಿ ಅಂತ ಯಾರ್ ಹೇಳಿದ್ದು?"

"ನೀನಿರ್ತೀಯ. ನೀನು ಮಕರೇಟಾ ಅಜ್ಜಿ ಜಾತಿ."

"ಹಂಗಾದ್ರೆ ಇನ್ನೂ ಎಷ್ಟು ಚೀಲ ತುಂಬಬೇಕೋ ನಾನು," ಅಂದೆ. ಭುಜ ಆಗಲೇ ನೋಯುತ್ತಿತ್ತು. ಅವನು ಪೈಪಿನ ನಲ್ಲಿ ತಿರುಗಿಸಿದ. ನಾನು ಟಾರ್ಪಾಲು ಸುತ್ತಿ ಬದಿಗಿಟ್ಟು, ಬೇಲಿಯ ಕಡೆಯ ತುದಿಯಿಂದ ಮಣ್ಣು ಮಗುಚಲು ಶುರುಮಾಡಿದೆ.